ಮೋಲ್ಡ್ ಮನೆಗೂ ವಯಸ್ಸಾಗುತ್ತೆ: ತೇಪೆ ಎಲ್ಲಿ ಸಾಕು, ಬಿಚ್ಚಬೇಕಾದ್ದು ಎಲ್ಲಿ?



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವುದೂ ಅಷ್ಟೇ ಕಷ್ಟ ಅನ್ನೋದು ನಮಗೆ ಈಗ ಗೊತ್ತಾಗ್ತಾ ಇದೆ. ಇಂದಿರಾ ಆವಾಸ್ ಯೋಜನೆ 1985ರಲ್ಲಿ ಶುರುವಾಯಿತು. ನಮ್ಮ ರಾಜ್ಯದ ಆಶ್ರಯ ಯೋಜನೆ 1991-92ರಲ್ಲಿ ಬಂತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ಮಣ್ಣಿನ ಮಾಳಿಗೆ, ಗುಡಿಸಲು ಬಿಟ್ಟು ಎಷ್ಟೋ ಕುಟುಂಬಗಳು ಮೋಲ್ಡ್ ಮನೆಗೆ ಬಂದವು. ಮೋಲ್ಡ್ ಹಾಕಿದರೆ ಮೂರು ತಲೆಮಾರಿಗೆ ಚಿಂತೆಯಿಲ್ಲ ಅಂತ ನಾವೆಲ್ಲ ನಂಬಿದ್ದೆವು. ಆ ಮನೆಗಳಿಗೆ ಈಗ ಇಪ್ಪತ್ತೈದು, ಮೂವತ್ತು ವರ್ಷ. ಸಂಘದ ಸಭೆಗಳಲ್ಲಿ "ಮೇಲಿನಿಂದ ಗಾರೆ ಉದುರ್ತಾ ಇದೆ, ರಿಪೇರಿಗೆ ಸಾಲ ಬೇಕು" ಅನ್ನುವ ಅರ್ಜಿಗಳು ಬರ್ತಾ ಇವೆ. ಆದ್ದರಿಂದ ಈ ಪಾಠ.

ನಾವು ಮಾಡಿದ ಒಂದು ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಸಂಘದ ಸದಸ್ಯೆಯೊಬ್ಬರ ಮನೆಯ ಮೋಲ್ಡಿನ ಅಡಿಯಲ್ಲಿ ಕಂದು ಬಣ್ಣದ ಗೆರೆಗಳು ಬಂದಿದ್ದವು. ಮೇಸ್ತ್ರಿ ಬಂದು ನೋಡಿ, "ಏನೂ ಆಗಿಲ್ಲ, ಒಂದು ಕೋಟು ಪ್ಲಾಸ್ಟರ್ ಎಳೆದು ಸುಣ್ಣ ಬಳಿದರೆ ಹೊಸ ಮನೆ" ಅಂದರು. ಸಂಘ 15,000 ರೂಪಾಯಿ ಸಾಲ ಕೊಟ್ಟಿತು. ಸಭೆಯಲ್ಲಿ ನಾವೂ ಇದ್ದೆವು, ನಡಾವಳಿ ಪುಸ್ತಕದಲ್ಲಿ "ಮನೆ ರಿಪೇರಿ" ಅಂತ ಬರೆಸಿದೆವು. ಮನೆಗೆ ಹೋಗಿ ತಲೆ ಎತ್ತಿ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಎರಡು ಮಳೆಗಾಲ ಕಳೆಯಿತು. ಒಂದು ರಾತ್ರಿ ಆ ಪ್ಲಾಸ್ಟರು ತನ್ನ ಮೇಲಿನ ಹಳೇ ಕಾಂಕ್ರೀಟನ್ನೂ ಎಳೆದುಕೊಂಡು ಮಲಗಿದ್ದ ಆ ತಾಯಿಯ ಭುಜದ ಮೇಲೆ ಬಿತ್ತು. ಎರಡು ತಿಂಗಳು ಕೂಲಿ ಇಲ್ಲ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕಂತು ತಪ್ಪಿದ್ದಕ್ಕೆ ದಂಡ ಹಾಕಬೇಕಾ ಅಂತ ಸಭೆಯಲ್ಲಿ ಮಾತು ಬಂದಾಗ ಆಕೆ ಹೇಳಿದ್ದು ಒಂದೇ ಮಾತು: "ನನ್ನ ಭುಜ ಮುರಿದ ಗಾರೆಗೆ ನಾನೇ ಬಡ್ಡಿ ಕಟ್ತಾ ಇದೀನಿ."

ಆ ಮಾತು ನಮ್ಮನ್ನು ಬಿಟ್ಟಿಲ್ಲ. ಆಮೇಲೆ ನಾವು ಎಂಜಿನಿಯರುಗಳನ್ನು ಕೇಳಿದೆವು, ಪುಸ್ತಕ ಓದಿದೆವು, ಮನೆ ಮನೆ ಹೊಕ್ಕು ನೋಡಿದೆವು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಕಾಂಕ್ರೀಟ್ ಒಳಗೆ ಏನಾಗುತ್ತೆ?

ಕಟ್ಟಡದ ಕೂಲಿಗೆ ಹೋದವರಿಗೆ ಗೊತ್ತು, ಹಸಿ ಸಿಮೆಂಟ್ ಮುಟ್ಟಿದರೆ ಕೈ ಸುಡುತ್ತೆ. ಅದರಲ್ಲಿ ಸುಣ್ಣದ ಖಾರ ಇದೆ. ಆ ಖಾರವೇ ಒಳಗಿನ ಕಂಬಿಯನ್ನು ಕಾಯುತ್ತೆ. ಖಾರ ಇರುವ ತನಕ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷವೂ ಕಾಂಕ್ರೀಟ್ ಒಳಗೆ ಇಳಿದು ಆ ಖಾರವನ್ನು ಸಪ್ಪೆ ಮಾಡುತ್ತಾ ಹೋಗುತ್ತೆ. ಗಟ್ಟಿ ಕಾಂಕ್ರೀಟಿನಲ್ಲಿ ಇದು ಬಹಳ ನಿಧಾನ. ಟೊಳ್ಳು ಕಾಂಕ್ರೀಟಿನಲ್ಲಿ ಬೇಗ. ಸಪ್ಪೆಯಾದ ಭಾಗ ಕಂಬಿಯನ್ನು ಮುಟ್ಟಿತು, ಜೊತೆಗೆ ನೀರೂ ಸಿಕ್ಕಿತು ಅಂದರೆ ತುಕ್ಕು ಶುರು.

ತುಕ್ಕು ಕಬ್ಬಿಣವನ್ನು ತಿನ್ನುವುದಷ್ಟೇ ಅಲ್ಲ, ಊದಿಕೊಳ್ಳುತ್ತೆ. ಒಂದು ಪಾಲು ಕಬ್ಬಿಣ ತುಕ್ಕಾದರೆ ಎರಡರಿಂದ ಆರು ಪಾಲು ಜಾಗ ಕೇಳುತ್ತೆ. ಗೋಡೆಯ ಬಿರುಕಿನಲ್ಲಿ ಆಲದ ಬೇರು ದಪ್ಪವಾದ ಹಾಗೆ ಅದು ಒಳಗಿನಿಂದ ಕಾಂಕ್ರೀಟನ್ನು ಸೀಳಿ ಕೆಳಕ್ಕೆ ತಳ್ಳುತ್ತೆ. ಕೆಳಗಿನಿಂದ ಎಷ್ಟು ಪ್ಲಾಸ್ಟರ್ ಬಳಿದರೂ ಆ ಒತ್ತಡ ನಿಲ್ಲುವುದಿಲ್ಲ. "ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು" ಅನ್ನೋದು ಇದಕ್ಕೇ.

ಹಿಮ ಬೀಳುವ ದೇಶಗಳಲ್ಲೂ ಈ ತೊಂದರೆ ಇದೆ, ದಾರಿ ಮಾತ್ರ ಬೇರೆ. ಕೆನಡಾದಂಥ ಕಡೆ ಕಾಂಕ್ರೀಟಿನ ರಂಧ್ರದಲ್ಲಿ ಕೂತ ನೀರು ಮಂಜುಗಡ್ಡೆಯಾಗಿ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತೆ. ಚಳಿಗಾಲ ಪೂರ್ತಿ ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ, ಮನೆಯ ಮೆಟ್ಟಿಲು, ಅಂಗಳದ ಕಾಂಕ್ರೀಟ್ ಪದರ ಪದರವಾಗಿ ಏಳುತ್ತೆ. ಮಂಜು ಕರಗಲಿ ಅಂತ ಚೆಲ್ಲುವ ಉಪ್ಪು ಕಂಬಿಗೆ ತುಕ್ಕು ಹಿಡಿಸುತ್ತೆ. ನಮ್ಮ ಕಡೆ ಮಂಜಿಲ್ಲ, ಬಿಸಿಲಿದೆ. ಆದರೆ ಎರಡೂ ಕಡೆ ಕಳ್ಳ ಒಬ್ಬನೇ, ನೀರು. ಅವನು ಒಳಗೆ ಬರುವ ಬಾಗಿಲು ಮುಚ್ಚದೆ ಮಾಡಿದ ರಿಪೇರಿ ಅಲ್ಲೂ ನಿಲ್ಲೋದಿಲ್ಲ, ಇಲ್ಲೂ ನಿಲ್ಲೋದಿಲ್ಲ.

ನಮ್ಮ ಸೀಮೆಯ ಮೋಲ್ಡ್ ಬೇಗ ಮುಪ್ಪಾಗಲು ಕಾರಣಗಳು

1. ಕ್ಯೂರಿಂಗ್ ಸಾಲದು. ಇದು ಎಲ್ಲಕ್ಕಿಂತ ದೊಡ್ಡ ಕಾರಣ. ನಮ್ಮದು ಒಣ ಬಿಸಿಲಿನ ಬಯಲು ಸೀಮೆ. ಕೆಲಸ ನಡೆಯೋದು ಹೆಚ್ಚಾಗಿ ಬೇಸಿಗೆಯಲ್ಲಿ. ಕುಡಿಯುವ ನೀರಿಗೇ ಬಿಂದಿಗೆ ಸಾಲು ಇರುವಾಗ ಮೋಲ್ಡಿಗೆ ನೀರು ಎಲ್ಲಿಂದ? ಮೂರು ದಿನ ನೀರು ಕಟ್ಟಿ ಬಿಟ್ಟ ಮನೆಗಳೇ ಹೆಚ್ಚು. 2000ನೇ ಇಸವಿಯ ಐ.ಎಸ್. 456 ನಿಯಮ ಹೇಳೋದು, ಒಣ ಬಿಸಿಲಿನ ಪ್ರದೇಶದಲ್ಲಿ ಕನಿಷ್ಠ 10 ದಿನ, ಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟ್ ಆದರೆ 14 ದಿನ. ಈಗ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಪಿ.ಪಿ.ಸಿ.ಯೇ.

2. ಕಲಸುವಾಗ ನೀರು ಜಾಸ್ತಿ. ಬಾಂಡ್ಲಿ ಹೊತ್ತವರು ನೀವೇ, ನಿಮಗೇ ಗೊತ್ತು. ಕಾಂಕ್ರೀಟ್ ಗಟ್ಟಿಯಾದರೆ ಹರಡಲು ಕಷ್ಟ, "ಇನ್ನೊಂದು ಬಿಂದಿಗೆ ಸುರಿ" ಅಂತಾರೆ. ಹೆಚ್ಚಿನ ನೀರು ಆರಿದ ಮೇಲೆ ಅದರ ಜಾಗದಲ್ಲಿ ರಂಧ್ರ ಉಳಿಯುತ್ತೆ.

3. ಕಂಬಿಗೆ ಹೊದಿಕೆ ಇಲ್ಲ. ಕಂಬಿಯ ಕೆಳಗೆ ಕನಿಷ್ಠ 20 ಮಿ.ಮೀ. ಕಾಂಕ್ರೀಟ್ ಇರಬೇಕು. ಅದಕ್ಕೆ ಕವರ್ ಬ್ಲಾಕ್ ಇಡಬೇಕು. ಹಳೇ ಮನೆಗಳಲ್ಲಿ ಕಂಬಿ ಸೆಂಟ್ರಿಂಗ್ ಹಲಗೆ ಮೇಲೇ ಕೂತಿತ್ತು, ಅಥವಾ ಒಂದೊಂದು ಜಲ್ಲಿ ಚೂರು ಸಿಕ್ಕಿಸಿದ್ದರು.

4. ಉಪ್ಪು ನೀರು. ಪಾವಗಡ, ಸಿರಾ ಕಡೆ ಎಷ್ಟೋ ಆಳದ ಬೋರ್‌ವೆಲ್ ನೀರು ಬಾಯಿಗೆ ಇಡಲಾಗದು. ಪಾವಗಡದವರಿಗೆ ಫ್ಲೋರೈಡ್ ಅಂದರೆ ಗೊತ್ತು, ಅದು ಹಲ್ಲು ಮೂಳೆಗೆ ಕೆಡುಕು. ಕಂಬಿಯನ್ನು ತಿನ್ನೋದು ಕ್ಲೋರೈಡ್. ಎರಡೂ ಬೇರೆ ಬೇರೆ. ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ನೀರು ಪರೀಕ್ಷೆಗೆ ಕೊಟ್ಟಾಗ ಈ ಅಂಕಿಯನ್ನೂ ಕೇಳಿ ಬರೆದುಕೊಳ್ಳಿ.

5. ಮಣ್ಣು ಮರಳು. ಜಯಮಂಗಲಿಯ ಒಳ್ಳೆ ಮರಳು ಸಿಗದೆ ಹೋದ ಮೇಲೆ ಮಣ್ಣು ತೊಳೆದು ಮಾಡಿದ ಫಿಲ್ಟರ್ ಮರಳು ಬಂತು. ಜೇಡಿ ಉಳಿದ ಮರಳಿಗೆ ಸಿಮೆಂಟ್ ಹಿಡಿಯೋದಿಲ್ಲ.

6. ಮೇಲೆ ನಿಂತ ನೀರು. ಇಳಿಜಾರಿಲ್ಲದ ತಾರಸಿ, ಎಲೆ ಕಸ ತುಂಬಿದ ನೀರಿನ ಕೊಳವೆ, ತೊಟ್ಟಿಕ್ಕುವ ಟ್ಯಾಂಕ್, ಮೂಲೆಯಲ್ಲಿ ಒಟ್ಟಿದ ಸೌದೆ, ಹುಲ್ಲು. ನಮ್ಮಲ್ಲಿ ಮಳೆ ಕಡಿಮೆ ಅಂತ ಅಸಡ್ಡೆ ಮಾಡಿದೆವು. 2021, 2022ರಲ್ಲಿ ಕೆರೆಗಳು ಕೋಡಿ ಬೀಳುವಂಥ ಮಳೆ ಬಂದಾಗ ಎಷ್ಟೋ ಮೋಲ್ಡುಗಳ ಗುಟ್ಟು ರಟ್ಟಾಯಿತು.

ನೋಡಿ, ತಟ್ಟಿ, ಕೇಳಿ

ಇದಕ್ಕೆ ದುಬಾರಿ ಯಂತ್ರ ಬೇಡ. ಹಗಲು ಹೊತ್ತಿನಲ್ಲಿ ಟಾರ್ಚ್ ಹಿಡಿದು ಮಂಚ, ಚಾಪೆ ಸರಿಸಿ ನೋಡಿ.

ಒದ್ದೆ ಕಲೆ, ಬಿಳಿ ಉಪ್ಪಿನ ಪುಡಿ ಇದ್ದರೆ ಮೇಲಿನಿಂದ ನೀರು ಇಳೀತಾ ಇದೆ ಅಂತ ಅರ್ಥ. ನೇರವಾಗಿ, ಸಮ ಅಂತರದಲ್ಲಿ ಬಿರುಕುಗಳಿದ್ದರೆ ಅವು ಕಂಬಿಯ ದಾರಿಯನ್ನೇ ತೋರಿಸುತ್ತಿವೆ. ಕಂದು ಗೆರೆ ಬಂದಿದ್ದರೆ ತುಕ್ಕು ಶುರುವಾಗಿದೆ.

ಆಮೇಲೆ ಉದ್ದ ಕೋಲಿನಿಂದ ಮೆಲ್ಲಗೆ ತಟ್ಟಿ. ನೀವು ಒಂದು ಪಕ್ಕ ನಿಲ್ಲಿ, ತಟ್ಟುವ ಜಾಗದ ನೇರ ಕೆಳಗೆ ನಿಲ್ಲಬೇಡಿ. ಮಕ್ಕಳನ್ನು ಹೊರಗೆ ಕಳಿಸಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿಂದ ತಟ್ಟಿ ನೋಡ್ತೀವಲ್ಲ, ಹಾಗೆಯೇ. ಠಣ್ ಅಂದರೆ ಗಟ್ಟಿ. ಡಬ್ ಡಬ್ ಅಂದರೆ ಒಳಗೆ ಬಿಟ್ಟುಕೊಂಡಿದೆ. ಟೊಳ್ಳು ಕೇಳಿದ ಕಡೆಯೆಲ್ಲ ಇದ್ದಿಲಿನಿಂದ ಗುರುತು ಹಾಕಿ. ಫ್ಯಾನಿನ ಕೊಕ್ಕೆಯ ಸುತ್ತ, ಸಜ್ಜದ ಕೆಳಗೆ, ಬಚ್ಚಲ ಮನೆಯ ಮೇಲೆ ಮರೆಯದೆ ನೋಡಿ. ಗುರುತು ಹಾಕಿದ ಜಾಗದ ಕೆಳಗೆ ಅವತ್ತಿನಿಂದಲೇ ಯಾರೂ ಮಲಗಬಾರದು, ತೊಟ್ಟಿಲು ಕಟ್ಟಬಾರದು. ಈ ಒಂದು ಕೆಲಸಕ್ಕೆ ಒಂದು ಪೈಸೆ ಸಾಲ ಬೇಡ.

ಮೂರು ದರ್ಜೆ ಮಾಡಿಕೊಳ್ಳಿ

ಮೊದಲ ದರ್ಜೆ: ಸೋರುತ್ತಿದೆ, ಟೊಳ್ಳಿಲ್ಲ, ಕಂದು ಗೆರೆ ಇಲ್ಲ. ಇಲ್ಲಿ ಕೆಲಸ ಇರೋದು ಮೇಲೆ, ಕೆಳಗಲ್ಲ. ತಾರಸಿಯನ್ನು ಗುಡಿಸಿ ತೊಳೆದು ಒಣಗಿಸಬೇಕು. ಬಿರುಕನ್ನು ಸ್ವಲ್ಪ ಅಗಲ ಮಾಡಿ ಪಾಲಿಮರ್ ಸೇರಿಸಿದ ಗಾರೆ ತುಂಬಬೇಕು. ನೀರು ಹರಿದು ಹೋಗಲು ಹತ್ತು ಅಡಿಗೆ ಕನಿಷ್ಠ ಒಂದೂಕಾಲು ಇಂಚು ಇಳಿಜಾರು ಬೇಕು. ಕೊಳವೆ ಗೋಡೆಯಿಂದ ಆಚೆಗೆ ಚಾಚಿರಬೇಕು. ಇಷ್ಟನ್ನು ಸಕಾಲದಲ್ಲಿ ಮಾಡಿದರೆ ಮನೆಗೆ ಇನ್ನೂ ಎಷ್ಟೋ ವರ್ಷ ಆಯಸ್ಸು.

ಎರಡನೇ ದರ್ಜೆ: ಅಲ್ಲಲ್ಲಿ ಟೊಳ್ಳಿದೆ, ಕಂಬಿ ಕಾಣುತ್ತಿದೆ, ಆದರೆ ಕಂಬಿ ಇನ್ನೂ ದಪ್ಪ ಇದೆ. ಇಲ್ಲಿ ತೇಪೆ ಹಾಕಬಹುದು, ಸರಿಯಾದ ತೇಪೆ ಆಗಿರಬೇಕು ಅಷ್ಟೇ. ಕ್ರಮ ಹೀಗೆ:

ಮೊದಲು ಕೆಳಗೆ ಜಾಕಿ ಕೊಡಬೇಕು. ಟೊಳ್ಳು ಭಾಗವನ್ನೆಲ್ಲ ಒಡೆದು ತೆಗೆಯಬೇಕು. ಕಂಬಿಯ ಹಿಂದೆ ಬೆರಳು ಹೋಗುವಷ್ಟು ಬಿಡಿಸಬೇಕು, ಇಲ್ಲದಿದ್ದರೆ ಹಿಂಬದಿಯ ತುಕ್ಕು ಹಾಗೇ ಉಳಿಯುತ್ತೆ. ತುಕ್ಕಿಲ್ಲದ ಕಂಬಿ ಸಿಗುವ ತನಕ ಎರಡೂ ಕಡೆ ಒಡೆಯುತ್ತಾ ಹೋಗಬೇಕು. ತಂತಿ ಬ್ರಷ್‌ನಿಂದ ಕಂಬಿ ಹೊಳೆಯುವ ಹಾಗೆ ಉಜ್ಜಬೇಕು. ತುಕ್ಕು ತಡೆಯುವ ಪ್ರೈಮರ್ ಬಳಿಯಬೇಕು. ಹಳೇ ಕಾಂಕ್ರೀಟಿಗೆ ಅಂಟು ಕೋಟು ಕೊಟ್ಟು, ಪಾಲಿಮರ್ ಗಾರೆಯನ್ನು ತೆಳು ಪದರಗಳಲ್ಲಿ ಒತ್ತಿ ತುಂಬಬೇಕು. ಅದಕ್ಕೂ ಒದ್ದೆ ಗೋಣಿ ಕಟ್ಟಿ ಕ್ಯೂರಿಂಗ್ ಮಾಡಬೇಕು. ಮೇಲೆ ನೀರು ಇಳಿಯುವ ದಾರಿ ಮುಚ್ಚದಿದ್ದರೆ ಇಷ್ಟೂ ಕೆಲಸ ವ್ಯರ್ಥ.

ಕಂಬಿ ದಪ್ಪ ಇದೆಯೋ ಇಲ್ಲವೋ ಹೇಗೆ ತಿಳಿಯೋದು? ಉಜ್ಜಿದ ಮೇಲೆ ಅಳೆಯಬೇಕು. 8 ಮಿ.ಮೀ. ಕಂಬಿ 7 ಮಿ.ಮೀ. ಆಗಿದ್ದರೆ ಒಂದೇ ಮಿ.ಮೀ. ತಾನೇ ಅನ್ನಿಸುತ್ತೆ. ಲೆಕ್ಕ ಹಾಕಿದರೆ ಕಂಬಿಯ ಬಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗಿದೆ. ಅಷ್ಟು ಸವೆದಿದ್ದರೆ ಮೇಸ್ತ್ರಿಯ ಮಾತು ಸಾಲದು. ಹೊಸ ಕಂಬಿ ಜೋಡಿಸಬೇಕೇ, ಪೂರ್ತಿ ಬಿಚ್ಚಬೇಕೇ ಅನ್ನೋದನ್ನು ಎಂಜಿನಿಯರ್ ನೋಡಿ ಹೇಳಬೇಕು.

ಮೂರನೇ ದರ್ಜೆ: ಕೋಣೆಯ ಬಹುಭಾಗ ಟೊಳ್ಳು, ಕಂಬಿ ತುಂಡಾಗಿದೆ, ಮೋಲ್ಡ್ ಜೋತು ಬಿದ್ದಿದೆ. ಇಲ್ಲಿ ತೇಪೆಗೆ ಹಾಕಿದ ಹಣ ನೀರಿಗೆ ಹಾಕಿದಂತೆ. ಮನೆ ಖಾಲಿ ಮಾಡಿ, ಜಾಕಿ ಕೊಟ್ಟು, ಗೊತ್ತಿದ್ದವರಿಂದ ತುಂಡು ತುಂಡಾಗಿ ಬಿಚ್ಚಿಸಬೇಕು. ಬೀಳಿಸುವ ಮುಂಚೆ ಕರೆಂಟ್ ತೆಗೆಸಿ. ಗೋಡೆ ಮಣ್ಣಿನ ಗಾರೆಯದಾಗಿದ್ದರೆ ಹೊಸ ಭಾರ ತಡೆಯುತ್ತಾ ಅಂತಲೂ ಕೇಳಿ. ತಡೆಯದಿದ್ದರೆ ಹೆಂಚು, ಶೀಟಿನಂಥ ಹಗುರ ಸೂರು ಹಾಕಿಸುವುದರಲ್ಲಿ ಅವಮಾನ ಏನಿಲ್ಲ. ತಲೆ ಮೇಲೆ ಬೀಳುವ ಮೋಲ್ಡಿಗಿಂತ ತಲೆ ಕಾಯುವ ಹೆಂಚು ಮೇಲು.

ಹೊಸದಾಗಿ ಹಾಕಿಸುವುದಾದರೆ

ಹಳೇ ತಪ್ಪು ಮತ್ತೆ ಬೇಡ. ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಒಂದು 50 ಕಿಲೋ ಮೂಟೆಗೆ ನೀರು 30 ಲೀಟರ್ ಮೀರಬಾರದು, ಅಂದರೆ 15 ಲೀಟರ್ ಹಿಡಿಯುವ ಎರಡು ಬಿಂದಿಗೆ. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಮರಳು ಪರೀಕ್ಷೆಗೆ ಗಾಜಿನ ಬಾಟಲಿಯಲ್ಲಿ ಅರ್ಧ ಮರಳು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಕುಲುಕಿ, ಎರಡು ಮೂರು ಗಂಟೆ ಅಲುಗಿಸದೆ ಇಡಿ. ಮೇಲೆ ಕೂತ ಮಣ್ಣಿನ ಪದರ ಮರಳಿನ ಎತ್ತರದ ನೂರಕ್ಕೆ 8 ಭಾಗ ಮೀರಿದರೆ ಆ ಲೋಡು ವಾಪಸ್ ಕಳಿಸಿ. ಕಂಬಿ ಕಟ್ಟಿದ ಮೇಲೆ ಕವರ್ ಬ್ಲಾಕ್ ಎಣಿಸದೆ ಕಾಂಕ್ರೀಟ್ ಹಾಕಲು ಬಿಡಬೇಡಿ. ಪಾತಿ ಕಟ್ಟಿ 14 ದಿನ ನೀರು ನಿಲ್ಲಿಸಿ. ಹದಿನೈದು ಅಡಿ ಒಳಗಿನ ಕೋಣೆಗೂ ಕೆಳಗಿನ ಆಸರೆಯನ್ನು 7 ದಿನದ ಒಳಗೆ ತೆಗೆಯಬಾರದು. ಪಿ.ಪಿ.ಸಿ. ಆದರೆ ಇನ್ನೂ ತಡ ಮಾಡೋದು ಒಳ್ಳೆಯದು. ನಮ್ಮ ಕಡೆ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಮಳೆ ಮುಗಿದಿರುತ್ತೆ, ಬಿಸಿಲು ಏರಿರುವುದಿಲ್ಲ, ಬೋರ್‌ನಲ್ಲೂ ಸ್ವಲ್ಪ ನೀರಿರುತ್ತೆ. ಅಪಾಯದ ಮೋಲ್ಡ್ ಆದರೆ ಮಾತ್ರ ಕಾಲ ನೋಡುತ್ತಾ ಕೂರಬೇಡಿ.

ಸಂಘ ಸಾಲ ಕೊಡುವಾಗ

ಮನೆ ರಿಪೇರಿ ಸಾಲದಿಂದ ಆದಾಯ ಬರೋದಿಲ್ಲ. ಹಸು ತಂದರೆ ಹಾಲು ಬರುತ್ತೆ, ಮೋಲ್ಡ್ ಹಾಲು ಕೊಡೋದಿಲ್ಲ. ಹಾಗಾಗಿ ಈ ಸಾಲ ಒಮ್ಮೆ ತಪ್ಪಿದರೆ ಆ ಕುಟುಂಬ ಎರಡು ಸಲ ಸೋಲುತ್ತೆ. ಈ ಕ್ರಮಗಳನ್ನು ಪಾಲಿಸಿ ಅಂತ ಕೇಳಿಕೊಳ್ಳುತ್ತೇವೆ:

ಅರ್ಜಿ ಬಂದ ಮನೆಗೆ ಇಬ್ಬರು ಸದಸ್ಯರು ಹೋಗಿ, ಮೇಲೆ ಹೇಳಿದ ಹಾಗೆ ನೋಡಿ, ತಟ್ಟಿ, ದರ್ಜೆ ಬರೆದುಕೊಂಡು ಬರಬೇಕು. ನಡಾವಳಿಯಲ್ಲಿ "ಮನೆ ರಿಪೇರಿ" ಅಂತ ಮಾತ್ರ ಬರೆದರೆ ಸಾಲದು, ಯಾವ ಕೋಣೆ, ಯಾವ ಕೆಲಸ ಅಂತ ಬರೆಯಿರಿ.

ಹಣವನ್ನು ಮೂರು ಕಂತಿನಲ್ಲಿ ಕೊಡಿ. ಮೊದಲ ಕಂತು ಸಾಮಾನು ತರಲು. ಎರಡನೇ ಕಂತು, ಉಜ್ಜಿದ ಕಂಬಿಯನ್ನು ಇಬ್ಬರು ಸದಸ್ಯರು ಕಣ್ಣಾರೆ ನೋಡಿದ ಮೇಲೆ. ಗಾರೆ ಮುಚ್ಚಿದ ಮೇಲೆ ಯಾರಿಗೂ ಏನೂ ಕಾಣದು, ಆದ್ದರಿಂದ ಮುಚ್ಚುವ ಮೊದಲೇ ಫೋನಿನಲ್ಲಿ ಫೋಟೊ ತೆಗೆದಿಡಿ. ಮೂರನೇ ಕಂತು ಕ್ಯೂರಿಂಗ್ ಮುಗಿದ ಮೇಲೆ. ಈ ಕರಾರನ್ನು ಮೇಸ್ತ್ರಿಗೆ ಮೊದಲೇ ಹೇಳಿ. ಒಳ್ಳೆ ಮೇಸ್ತ್ರಿ ಬೇಸರ ಮಾಡಿಕೊಳ್ಳೋದಿಲ್ಲ.

ಮಳೆಗೆ ಮನೆ ಬಿದ್ದರೆ, ಕುಸಿದರೆ ಅವತ್ತೇ ಫೋಟೊ ತೆಗೆದು ಗ್ರಾಮ ಆಡಳಿತಾಧಿಕಾರಿಗೂ ಪಂಚಾಯಿತಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಳಬೇಕಾದ ಪರಿಹಾರ ಕೇಳದೆ ಸಾಲ ಮಾಡಬೇಡಿ.

ಇನ್ನೊಂದು ಮಾತು. ಮನೆಯ ಸೂರನ್ನು ದಿನಾ ನೋಡೋದು ನಾವು ಹೆಂಗಸರು. ಒಲೆ ಮುಂದೆ ಕೂತಾಗ, ಮಗು ಮಲಗಿಸುವಾಗ ಬಿರುಕು ಮೊದಲು ಕಾಣೋದು ನಮಗೆ. ಆದರೆ ಮೇಸ್ತ್ರಿ ಬಂದಾಗ ಮಾತಾಡೋದು ಗಂಡಸರು. "ನಿಮಗೇನು ಗೊತ್ತಾಗುತ್ತೆ ಬಿಡಿ" ಅಂದರೆ ನಾವು ಸುಮ್ಮನಾಗ್ತೀವಿ. ಸಾಲ ತೀರಿಸೋದು ನಾವು ಅಂದ ಮೇಲೆ, ಕಂಬಿ ತೋರಿಸಿ ಅಂತ ಕೇಳುವ ಹಕ್ಕೂ ನಮ್ಮದು.

ಆ ಮನೆ ಈಗ

ಮಧುಗಿರಿ ತಾಲ್ಲೂಕಿನ ಆ ತಾಯಿಯ ಮನೆಗೆ ಸಂಘದವರು ಮತ್ತೆ ಹೋದರು. ಈ ಸಲ ಕೋಲು ಹಿಡಿದು ಹೋದರು. ಅಡುಗೆ ಕೋಣೆಯ ಮೋಲ್ಡ್ ಎರಡನೇ ದರ್ಜೆ, ತೇಪೆ ಸಾಕಾಯಿತು. ಮಲಗುವ ಕೋಣೆ ಮೂರನೇ ದರ್ಜೆ, ಬಿಚ್ಚಿ ಹೆಂಚು ಹೊದಿಸಿದರು. ಹಳೇ ಸಾಲಕ್ಕೆ ದಂಡ ಹಾಕಲಿಲ್ಲ, ಕಂತಿನ ಅವಧಿ ಮುಂದೆ ಹಾಕಿದರು. ಒಡೆದು ತೆಗೆದ ಕಂಬಿಯ ಒಂದು ತುಂಡನ್ನು ಆಕೆ ಸಭೆಗೆ ತಂದು ಎಲ್ಲರ ಕೈಗೂ ಕೊಟ್ಟರು. ಬೆರಳಿನಲ್ಲಿ ತಿಕ್ಕಿದರೆ ಪದರ ಪದರವಾಗಿ ಉದುರುತ್ತಿತ್ತು. ಆ ತುಂಡು ಈಗ ಸಂಘದ ಪೆಟ್ಟಿಗೆಯಲ್ಲಿ ಪಾಸ್‌ಬುಕ್ ಜೊತೆ ಇದೆ. ಮನೆ ರಿಪೇರಿ ಅರ್ಜಿ ಬಂದಾಗಲೆಲ್ಲ ಅದನ್ನು ಹೊರಗೆ ತೆಗೀತಾರೆ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಇಪ್ಪತ್ತು ವರ್ಷಕ್ಕಿಂತ ಹಳೆಯ ಮೋಲ್ಡ್ ಮನೆಗಳು ಎಷ್ಟು? ಪಟ್ಟಿ ಮಾಡಿ.
2. ಯಾರ ಮನೆಯಲ್ಲಿ ಟೊಳ್ಳು ಜಾಗದ ಕೆಳಗೆ ಮಕ್ಕಳು, ವಯಸ್ಸಾದವರು ಮಲಗುತ್ತಾರೆ? ಇವತ್ತು ರಾತ್ರಿಯೇ ಜಾಗ ಬದಲಿಸಲು ಏನು ಮಾಡಬೇಕು?
3. ಕಳೆದ ವರ್ಷ ಮನೆ ರಿಪೇರಿಗೆ ಕೊಟ್ಟ ಸಾಲದಲ್ಲಿ ನಿಜವಾಗಿ ಏನು ಕೆಲಸ ಆಯಿತು? ಯಾರು ನೋಡಿದರು?
4. ನಮ್ಮ ಊರಿನ ಬೋರ್ ನೀರಿನಲ್ಲಿ ಕ್ಲೋರೈಡ್ ಎಷ್ಟಿದೆ? ಪರೀಕ್ಷೆಗೆ ಯಾರು ತೆಗೆದುಕೊಂಡು ಹೋಗುತ್ತಾರೆ?

ಈ ತಿಂಗಳ ಮನೆಗೆಲಸ: ಮುಂದಿನ ಸಭೆಯೊಳಗೆ ಪ್ರತಿಯೊಬ್ಬರೂ ತಮ್ಮ ತಾರಸಿಯ ಕಸ ಗುಡಿಸಿ, ನೀರಿನ ಕೊಳವೆ ಬಿಡಿಸಿ, ಕೋಲು ಹಿಡಿದು ಸೂರು ತಟ್ಟಿ ನೋಡಿ ಬನ್ನಿ. ಕೇಳಿದ ಸದ್ದನ್ನು ಸಭೆಗೆ ತಿಳಿಸಿ.